ಮೆಂಬರ್ರ ಕೈಗೆ

ನಾಗನಕಟ್ಟಿಯ ಯಾವ ಗೋಡೆ ಕೆರೆದು ನೋಡಿದರೂ ಒಳಗೆ ದಾದೇಸಾಬ ಬರೆದ ಒಂದು ಚಕ್ಕಡಿ ಸಿಗುತ್ತದೆ. ಗಂಗಾವತಿಯಿಂದ ಕಾರಟಗಿಗೆ ಹೋಗುವಾಗ ಕಾಲುವೆ ದಾಟಿ ಎಡಕ್ಕೆ ಹೊರಳಿದರೆ ಬರುವ ಈ ಸಣ್ಣ ಪಟ್ಟಣದಲ್ಲಿ ಚುನಾವಣೆ ಬಂತೆಂದರೆ ಅವನ ಕುಂಚಕ್ಕೆ ಸುಗ್ಗಿ. ಪಕ್ಷದ ಗುರುತಾದ ಈ ಎತ್ತಿನ ಬಂಡಿಯನ್ನು ತನ್ನಷ್ಟು ಚಂದ ಬರೆಯುವವರು ಜಿಲ್ಲೆಯಲ್ಲೇ ಇಲ್ಲ ಎಂಬುದು ಅವನ ಅಭಿಪ್ರಾಯ. ಬೇರೆಯವರ ಅಭಿಪ್ರಾಯ ಕೇಳಲು ಅವನು ಹೋಗಿಲ್ಲ. ಮೀಸೆ ಮೂಡುವ ಮೊದಲು ಕುಂಚ ಹಿಡಿದವನ ಗಡ್ಡ ಈಗ ಬೆಳ್ಳಗಾಗಿದೆ. ಅವನ ಹಿಂದೆ ಪಕ್ಷಕ್ಕೆ ಬಂದವರು ಕಾರು ತಗೊಂಡರು, ಪಕ್ಷ ಬಿಟ್ಟರು, ನಾಚಿಕೆಯಿಲ್ಲದೆ ತಿರುಗಿ ಬಂದರು, ಮತ್ತೆ ಬಿಟ್ಟರು. ದಾದೇಸಾಬನಿಗೆ ದಕ್ಕಿದ್ದು ಪಕ್ಷದ ಕಚೇರಿಯ ಕಿಟಕಿ ಪಕ್ಕದ ಒಂದು ಕಬ್ಬಿಣದ ಕುರ್ಚಿ. ಅದರಲ್ಲಿ ಬೇರೆ ಯಾರಾದರೂ ಕೂತರೆ ಅವನು ಏನೂ ಅನ್ನುವುದಿಲ್ಲ, ಎದುರಿಗೆ ನಿಂತು ಕೆಮ್ಮುತ್ತಾನೆ.

ಪಟ್ಟಣ ಪಂಚಾಯತಿಯ ಅಧ್ಯಕ್ಷರ ಚುನಾವಣೆಯ ದಿನ ಬೆಳಿಗ್ಗೆ ಅವನು ಬಂದಾಗ ಕುರ್ಚಿ ಖಾಲಿ ಇತ್ತು, ಆದರೆ ಕೂಡಲು ಪುರಸೊತ್ತು ಸಿಗಲಿಲ್ಲ. ಪಕ್ಷದ ಬ್ಲಾಕ್ ಅಧ್ಯಕ್ಷ ಮರಿಸ್ವಾಮಿ ಎರಡು ಮೊಬೈಲಿನಲ್ಲಿ ಒಟ್ಟಿಗೆ ಮಾತಾಡುತ್ತ ಕೋಣೆಯ ತುಂಬ ಓಡಾಡುತ್ತಿದ್ದ. ದಾದೇಸಾಬನನ್ನು ಕಂಡದ್ದೇ ಒಂದು ಬಟ್ಟೆಯ ಚೀಲ ಅವನ ಹೆಗಲಿಗೆ ಹಾಕಿದ.

"ದಾದೇಸಾಬ್ರ, ಇದನ್ನ ಭಾಳ ಜೋಪಾನ ಇಟ್ಕೋರಿ. ವಿಪ್ಪಿನ ಕಾಗದ ಎಲ್ಲಾ ಇದರಾಗ ಅದಾವು. ಇವತ್ತ ಯಾರರ ಬಾಲ ಬಿಚ್ಚಿದ್ರ ಕೊಪ್ಪಳಕ್ಕ ಹೋಗಿ ಡಿಸಿ ಸಾಹೇಬ್ರ ಮುಂದ ಇಡೋದ. ಸಾಕ್ಷಿಗೆ ನೀವ ಬರಬೇಕು."

ವಿಪ್ ಎಂದರೆ ಪಕ್ಷ ತನ್ನ ಸದಸ್ಯರಿಗೆ ಬರೆದು ಕೊಡುವ ಅಪ್ಪಣೆ: ಇಂಥವರಿಗೇ ಕೈ ಎತ್ತತಕ್ಕದ್ದು. ಪಕ್ಷದ ಗುರುತಿನ ಮೇಲೆ ಗೆದ್ದವರು ಅದನ್ನು ಮೀರಿದರೆ ಗೆದ್ದ ಸ್ಥಾನ ಕಳೆದುಕೊಂಡು ಮನೆಗೆ ಹೋಗಬೇಕು. ಈ ಸಲ ಕೈ ಎತ್ತಬೇಕಾಗಿದ್ದದ್ದು ಸಿದ್ದೇಶನಿಗೆ. ಅವನು ಊರ ದೊಡ್ಡ ರೈಸ್ ಮಿಲ್ಲಿನ ಮಾಲೀಕ; ಮೊನ್ನೆ ಮೊನ್ನೆಯವರೆಗೆ ಎದುರು ಪಕ್ಷದಲ್ಲಿದ್ದು, ಅಲ್ಲಿಂದ ಗೆದ್ದ ಉಳಿದಿಬ್ಬರನ್ನೂ ಕಟ್ಟಿಕೊಂಡು, ಇಡೀ ಗುಂಪೇ ಬಂದದ್ದರಿಂದ ಸ್ಥಾನ ಉಳಿಸಿಕೊಂಡು, ಚಕ್ಕಡಿ ಹತ್ತಿದವನು. ಅವನ ಎದುರಿಗೆ ನಿಂತವರು ವಿರೂಪಾಕ್ಷಮ್ಮ. ಅಂಗನವಾಡಿ ಟೀಚರಾಗಿ ನಿವೃತ್ತಿಯಾದ, ಯಾವ ಪಕ್ಷಕ್ಕೂ ಸೇರದ ಹೆಂಗಸು. ಅವರಿಗೆ ಉಳಿದವರೆಲ್ಲರ ಬೆಂಬಲವಿತ್ತು. ಲೆಕ್ಕ ಹಾಕಿದರೆ ಚಕ್ಕಡಿಯವರಿಗೆ ಒಂದೇ ಒಂದು ಕೈ ಹೆಚ್ಚು.

ಆ ಒಂದು ಕೈ ಕಾಯುವುದಕ್ಕಾಗಿಯೇ ಪಕ್ಷ ತನ್ನ ಸದಸ್ಯರನ್ನು ಕುಷ್ಟಗಿ ಆಚೆ, ಹೈವೇ ಮೇಲಿನ ಒಂದು ಲಾಡ್ಜಿನಲ್ಲಿ ಕೂಡಿಹಾಕಿತ್ತು. ಇದಕ್ಕೆ ಟೂರ್ ಎಂದು ಹೆಸರು. ಹೆಣ್ಣುಮಕ್ಕಳನ್ನು ಲಾಡ್ಜಿನಲ್ಲಿ ಇಡುವುದು ಚಂದವಲ್ಲ ಎಂದು ಮಹಿಳಾ ಸದಸ್ಯರ ಬದಲಿಗೆ ಅವರ ಗಂಡಂದಿರನ್ನು ಕರೆದುಕೊಂಡು ಹೋಗಿದ್ದರು. ಹೆಂಡತಿಯರು ಮನೆಯಲ್ಲಿ ರೊಟ್ಟಿ ಬಡಿಯುತ್ತ ಯಾರ ಕೈಗೆ ಬೇಕಾದರೂ ಸಿಗುವಂತಿದ್ದರು. ಗಂಡಂದಿರ ಮೊಬೈಲು ಕಸಿದುಕೊಂಡು, ಬಾಗಿಲಿಗೆ ಕಾವಲು ಹಾಕಿ, ಹೊತ್ತೊತ್ತಿಗೆ ಬಿರಿಯಾನಿ ತಿನ್ನಿಸಿದರು. ಇದರಲ್ಲಿ ನಗುವಂಥದ್ದೇನಿದೆ ಎಂದು ನಾಗನಕಟ್ಟಿಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಏಕೆಂದರೆ ಈ ಊರಲ್ಲಿ ಮೆಂಬರ್ ಅಂದರೆ ಗೆದ್ದವನು. ಗೆದ್ದವಳು ಹೆಂಗಸಾದರೆ, ಮೆಂಬರ್ ಅಂದರೆ ಅವಳ ಗಂಡ. ಚಹದಂಗಡಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಮಸೀದಿ ಮುಂದೆ, ಎಲ್ಲ ಕಡೆ ಹಾಗೇ ಕರೆಯುವುದು.

ದಾದೇಸಾಬ ಚೀಲದೊಳಗಿನ ಕಾಗದಗಳನ್ನು ಒಮ್ಮೆ ಸರಿಮಾಡಿ ಇಡೋಣವೆಂದು ಹೊರಗೆ ತೆಗೆದ. ಒಬ್ಬೊಬ್ಬರಿಗೂ ಕೊಟ್ಟದ್ದಲ್ಲದೆ ಇನ್ನೆರಡು ಪ್ರತಿ ಇಟ್ಟುಕೊಂಡಿದ್ದರು: ಒಂದು ಸಹಿ ಮಾಡಿಸಿದ್ದು, ಒಂದು ಖಾಲಿ. ನಾಹೀದಾಳ ಹೆಸರಿನದು ಬಂದಾಗ ಅವನ ಕೈ ನಿಂತಿತು. ಅವಳು ಅವನ ತೀರಿಕೊಂಡ ಅಣ್ಣನ ಮಗಳು, ಮಸೀದಿ ಓಣಿಯ ಸದಸ್ಯೆ. ಕಾಗದದ ಕೆಳಗೆ, ಮುಟ್ಟಿತು ಎಂದು ಸಹಿ ಮಾಡುವ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು: ರಫೀ, ಮೆಂಬರ್.

ರಫೀ ನಾಹೀದಾಳ ಗಂಡ. ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡ ಒಳ್ಳೆಯ ಹುಡುಗ, ಟೂರಿಗೆ ಹೋಗಿ ಬಂದವನು. ಲಾಡ್ಜಿನಲ್ಲಿ ವಿಪ್ ಕೊಟ್ಟಿದ್ದಾರೆ, ಇವನು ಎಂದಿನಂತೆ ಸಹಿ ಹಾಕಿದ್ದಾನೆ, ತಗೊಂಡವರೂ ಎಂದಿನಂತೆ ತಗೊಂಡಿದ್ದಾರೆ. ಹಿಂದೊಮ್ಮೆ ಯಲಬುರ್ಗಾ ಕಡೆಯ ಒಬ್ಬ ಸದಸ್ಯ ವಿಪ್ ಮೀರಿ ಕೈ ಎತ್ತಿದ್ದ. ಕಾಗದ ಅವನ ತಮ್ಮನ ಕೈಗೆ ಕೊಟ್ಟಿದ್ದರು ಎಂಬ ಒಂದೇ ಕಾರಣಕ್ಕೆ ಬಚಾವಾಗಿದ್ದ. ಆ ವಿಚಾರಣೆಗೆ ಪಕ್ಷದ ಪರವಾಗಿ ಹೋಗಿ ಬೆಂಚಿನ ಮೇಲೆ ಕೂತು ಬಂದವನು ಇದೇ ದಾದೇಸಾಬ. ಅಪ್ಪಣೆ ಸದಸ್ಯನ ಕೈಗೇ ಮುಟ್ಟಬೇಕು, ಗಂಡನ ಕೈಗಲ್ಲ, ತಮ್ಮನ ಕೈಗಲ್ಲ. ಅಂದ ಮೇಲೆ ನಾಹೀದಾಳಿಗೆ ವಿಪ್ ಮುಟ್ಟಿಯೇ ಇಲ್ಲ.

ಒಂದು ಮಾತು ಹೇಳಿದ್ದರೆ ಮರಿಸ್ವಾಮಿ ಆಗಲೇ ಸರಿಮಾಡುತ್ತಿದ್ದ. ದಾದೇಸಾಬ ಬಾಯಿ ತೆರೆದ. ಮರಿಸ್ವಾಮಿ ಮೊಬೈಲಿನಿಂದ ಕಣ್ಣೆತ್ತಿ "ಏನ್ರಿ?" ಎಂದ.

"ಏನಿಲ್ಲರಿ. ಚೀಲ ಭಾರ ಐತಿ," ಎಂದ ದಾದೇಸಾಬ. ಪಕ್ಷಕ್ಕೆ ಅವನು ಹೇಳಿದ ಮೊದಲ ಸುಳ್ಳು ಅದು, ಅದೂ ಎಂಥ ಬಡಕಲು ಸುಳ್ಳು.

ಸುಳ್ಳು ಯಾಕೆ ಹೇಳಿದ ಎಂದರೆ, ನಾಹೀದಾ ಸಿದ್ದೇಶನಿಗೆ ಕೈ ಎತ್ತುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ವಾರದ ಹಿಂದೆಯೇ ಅವಳು ಅವನ ಮುಂದೆ ಹಾಗಂದಿದ್ದಳು. ಅವಳು ಒಂದು ಮಾತು ಅಂದರೆ ಅದರಿಂದ ಇಳಿಸಲು ಅವಳಪ್ಪನ ಕೈಯಲ್ಲೇ ಆಗಿರಲಿಲ್ಲ.

ಮಸೀದಿ ಓಣಿ ಮಿಲ್ಲಿನ ಬೆನ್ನಿಗೇ ಇದೆ. ಮಿಲ್ಲಿನ ಬಾಯ್ಲರು ಉರಿಯುವುದು ಭತ್ತದ ಹೊಟ್ಟಿನಿಂದ. ಹೊಟ್ಟಿನ ಕರಿ ಬೂದಿ ಹಗಲೆಲ್ಲ ಓಣಿಯ ಮೇಲೆ ಉದುರುತ್ತದೆ. ಪಕ್ಷದ ಕಚೇರಿಯಿಂದ ದಾದೇಸಾಬ ನೇರ ಅವಳ ಮನೆಗೆ ಹೋದಾಗ ನಾಹೀದಾ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ಕೆನೆ ಬಣ್ಣದ ರವಿಕೆಯನ್ನು ಜೋರಾಗಿ ಜಾಡಿಸುತ್ತಿದ್ದಳು. ಬೂದಿಯನ್ನು ತಿಕ್ಕಬಾರದು, ತಿಕ್ಕಿದರೆ ಕಲೆ ಕೂಡುತ್ತದೆ. ಓಣಿಯ ಹೆಂಗಸರೆಲ್ಲ ಅನ್ನಕ್ಕೆ, ಹಿಟ್ಟಿಗೆ, ಮಲಗಿದ ಕೂಸಿನ ಮುಖಕ್ಕೆ ಹೀಗೆ ಬಟ್ಟೆ ಮುಚ್ಚುತ್ತ, ಜಾಡಿಸುತ್ತ ದಿನ ಕಳೆಯುತ್ತಾರೆ. ಸಿದ್ದೇಶ ಈಗ ಎರಡನೇ ಬಾಯ್ಲರಿಗೆ ಪಂಚಾಯತಿಯ ಒಪ್ಪಿಗೆ ಕೇಳಿದ್ದ. ಅಧ್ಯಕ್ಷನೂ ಅವನೇ ಆದರೆ ಕೇಳುವವನೂ ಅವನೇ, ಕೊಡುವವನೂ ಅವನೇ.

ಬೂದಿ ನಿಲ್ಲಿಸುತ್ತೇವೆ ಎಂದು ಚುನಾವಣೆಯಲ್ಲಿ ಮನೆಮನೆಗೆ ಹೋಗಿ ಹೇಳಿದ್ದು ನಾಹೀದಾ. ಅವಳ ಮುಂದೆ ನಡೆದು ಬಾಗಿಲು ಬಡಿದದ್ದು ದಾದೇಸಾಬ. ಆಗ ಸಿದ್ದೇಶ ಎದುರು ಪಕ್ಷದಲ್ಲಿದ್ದ, ಬೈಯುವುದು ಸಲೀಸಾಗಿತ್ತು. ವಾರ್ಡು ಮಹಿಳೆಗೆ ಮೀಸಲಾದಾಗ ಇವಳ ಹೆಸರು ಹೇಳಿದ್ದೂ ಅವನೇ. ಅಣ್ಣನ ಮಗಳು ಮೆಂಬರಾದಳೆಂದು ಗೆದ್ದ ದಿನ ಅತ್ತಿದ್ದ. ಮಾರನೆಯ ದಿನದಿಂದ ಎಲ್ಲರ ಜೊತೆ ತಾನೂ ರಫೀಗೇ ಮೆಂಬರ್ ಅನ್ನತೊಡಗಿದ.

"ಬರ್ರಿ ಚಾಚಾ. ಪಕ್ಷದ ಚೀಲ ಹೊತ್ತು ಬಂದೀರಿ. ನನಗ ಬುದ್ಧಿ ಹೇಳಾಕ ಕಳಿಸ್ಯಾರೇನು?" ನಾಹೀದಾ ಎದ್ದು ಚಾಪೆ ಹಾಸಿದಳು.

"ಯಾರೂ ಕಳಿಸಿಲ್ಲ. ನಾನ ಬಂದೀನಿ. ಇನ್ನೊಮ್ಮೆ ವಿಚಾರ ಮಾಡವಾ. ನೀ ಗೆದ್ದದ್ದು ಚಕ್ಕಡಿ ಮ್ಯಾಲ. ಮಂದಿ ಗುರುತು ನೋಡಿ ಒತ್ಯಾರ."

"ಗುರುತು ನೋಡಿ ಒತ್ಯಾರ, ಖರೆ. ಆ ಗುರುತಿಗೆ ಒತ್ತರಿ ಅಂತ ಕೈಕಾಲು ಹಿಡಿದಾಕಿ ನಾನು. ಬೂದಿ ನಿಲ್ಲಸ್ತೀನಿ ಅಂತ ಹೇಳಿದಾಕಿ ನಾನು. ನಾಳೆ ಬಾಜೂ ಮನಿ ಹಂಪವ್ವ ಬಂದು ಕೇಳಿದ್ರ ಚಕ್ಕಡಿ ಬಂದು ಉತ್ತರ ಕೊಡತೈತೇನು?"

"ಸಿಟ್ಟಿನ ಮಾತು ಬ್ಯಾಡ. ಪಕ್ಷ ಅಂದ್ರ ಏನಂತ ನಿನಗ ಗೊತ್ತಿಲ್ಲ." ದಾದೇಸಾಬನ ದನಿ ತಾನಾಗಿ ಏರಿತು. "ನಮ್ಮಪ್ಪ ಗೌಡರ ಕಟ್ಟಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ನಿಂತಿರತಿದ್ದ. ಅವರು ಕೂತ ಹೇಳೋದು, ಇವ ನಿಂತ ಕೇಳೋದು. ನನಗ ಕುರ್ಚಿ ಕೊಟ್ಟದ್ದು ಪಕ್ಷ. ಕುಂಚ ಹಿಡಿಯೋ ದಾದ್ಯಾನ್ನ ದಾದೇಸಾಬ್ರ ಅಂತ ಕರೆಸಿದ್ದು ಪಕ್ಷ. ಒಬ್ಬೊಬ್ಬರು ತಮಗ ತಿಳಿದಂಗ ಕೈ ಎತ್ತಿದ್ರ ಪಂಚಾಯತಿ ಸಂತಿ ಆಗತೈತಿ. ರೊಕ್ಕ ಇದ್ದವ ಬಂದು ಒಬ್ಬೊಬ್ಬರನ್ನ ಆರಿಸ್ಕೊಂಡು ಹೋಗತಾನ."

"ಈಗ ರೊಕ್ಕ ಇದ್ದವ ಪಕ್ಷಾನ ಆರಿಸ್ಕೊಂಡು ಹೋಗ್ಯಾನಲ್ಲ ಚಾಚಾ. ಒಬ್ಬೊಬ್ಬರ ಮನಿಗೆ ಹೋಗೋ ತ್ರಾಸ ತಪ್ಪೇತಿ."

ದಾದೇಸಾಬನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹೊಳೆದದ್ದು ಒಂದೇ: ಈ ಸಿಟ್ಟಿನಲ್ಲಿ ವಿಪ್ಪಿನ ಮಾತೆತ್ತಿದರೆ ಇವಳು ಇವತ್ತು ಸ್ಥಾನ ಕಳೆದುಕೊಳ್ಳುತ್ತಾಳೆ. ಓಣಿಯ ಪರವಾಗಿ ಕೂತು ಮಾತಾಡಲು ಇದ್ದ ಒಂದು ಜಾಗ ಹೋಗುತ್ತದೆ. ಅವನು ಬಾಗಿಲಿನತ್ತ ನೋಡಿ ದನಿ ಇಳಿಸಿದ.

"ಕೇಳಿಲ್ಲೆ. ವಿಪ್ಪಿಗೆ ಸಹಿ ಮಾಡ್ಯಾನ ರಫೀ. ನಿನ್ನ ಕೈಗೆ ಅದು ಮುಟ್ಟಿಲ್ಲ. ಮುಟ್ಟಿಲ್ಲಂದ್ರ ನಿನಗ ಅದು ಲಾಗೂ ಆಗೂದಿಲ್ಲ. ನೀ ಹೋಗು, ಮನಸ್ಸಿಗೆ ಬಂದಾರಿಗೆ ಕೈ ಎತ್ತು, ಬಾ. ನಾಳೆ ಕೇಸ್ ಹಾಕಿದ್ರ, ನನಗ ಯಾರೂ ಕೊಟ್ಟಿಲ್ಲಂತ ಹೇಳು. ಅದು ಖರೆ ಐತಿ. ಆದ್ರ ವಿಪ್ ಅನ್ನೋ ಮಾತು ಇವತ್ತ ನಿನ್ನ ಬಾಯಾಗ ಬರಬಾರದು. ಸುಮ್ನ ಕೂತು, ಸುಮ್ನ ಎದ್ದು ಬಾ."

ನಾಹೀದಾ ರವಿಕೆಯನ್ನು ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡಳು.

"ರಫೀ ಏನಂತ ಸಹಿ ಮಾಡ್ಯಾರ?"

"ಮೆಂಬರ್ ಅಂತ."

ಅವಳು ನಕ್ಕಳೋ ಉಸಿರು ಬಿಟ್ಟಳೋ ತಿಳಿಯಲಿಲ್ಲ. "ಆತು ಚಾಚಾ, ನೀವು ನಡೀರಿ. ನಾ ಬುರಖಾ ಹಾಕ್ಕೊಂಡು ಬರತೀನಿ," ಎಂದಳು. ಒಪ್ಪಿದಳು ಎಂದೇ ದಾದೇಸಾಬ ತಿಳಿದ. ದಾರಿಯುದ್ದಕ್ಕೂ ಚೀಲ ಅವನಿಗೆ ನಿಜವಾಗಿಯೂ ಭಾರವೆನಿಸಿತು.

ಪಂಚಾಯತಿ ಕಚೇರಿಯ ಮುಂದೆ ಪೊಲೀಸರು, ಕಾರುಗಳು, ಸಿದ್ದೇಶನಿಗೆ ಹಾಕಲು ತಂದ ಸೇಬಿನ ಹಾರ. ಅಷ್ಟು ದೊಡ್ಡ ಹಾರವನ್ನು ಎತ್ತಲು ಜೆಸಿಬಿ ಬಂದು ನಿಂತಿತ್ತು. ಒಳಗೆ ಸಭಾಂಗಣದಲ್ಲಿ ಸದಸ್ಯರು ಎರಡು ಸಾಲಾಗಿ ಕೂತಿದ್ದರು. ಚುನಾವಣೆ ನಡೆಸಲು ಬಂದ ತಹಶೀಲ್ದಾರರು ಮೈಸೂರು ಕಡೆಯವರು, ಬಂದು ಬಹಳ ದಿನವಾಗಿರಲಿಲ್ಲ. ಕೈ ಎತ್ತುವ ಹಕ್ಕಿದ್ದ ಶಾಸಕರು, ಸಂಸದರು ಬರುವುದಿಲ್ಲವೆಂದು ಹೇಳಿಕಳಿಸಿದ್ದರು. ಬಾಗಿಲ ಹತ್ತಿರ ಪಕ್ಷಗಳ ಮುಖಂಡರು ನಿಂತಿದ್ದರು: ಮರಿಸ್ವಾಮಿ, ಚೀಲ ಹೊತ್ತ ದಾದೇಸಾಬ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ರಫೀ.

ತಹಶೀಲ್ದಾರರು ಹಾಜರಿ ಕರೆಯತೊಡಗಿದರು. ಒಬ್ಬೊಬ್ಬರೇ ಎದ್ದು ಕೂತರು. "ನಾಹೀದಾ ಬೇಗಂ ಗಂಡ ರಫೀ," ಎಂದು ಅವರು ಓದಿದರು.

"ಹಾಜರ್ ಅದೀನ್ರಿ ಸರ್!" ಎಂದು ಬಾಗಿಲಿನಿಂದ ರಫೀ ಕೈ ಎತ್ತಿದ.

ತಪ್ಪು ಅವನದೊಬ್ಬನದೇ ಅಲ್ಲ. ತಿಂಗಳ ಸಭೆಗಳಲ್ಲಿ ಈ ಹೆಸರು ಕರೆದಾಗಲೆಲ್ಲ ಅವನೇ ಹಾಗೆ ಅನ್ನುತ್ತಿದ್ದ, ಸಿಬ್ಬಂದಿಯೂ ಬರೆದುಕೊಳ್ಳುತ್ತಿದ್ದರು. ತಹಶೀಲ್ದಾರರು ಕನ್ನಡಕ ತೆಗೆದರು.

"ಯಾರ್ರೀ ನೀವು?"

"ಸರ್, ನಾ... ಮೆಂಬರ್ರಿ."

"ನಾಹೀದಾ ಬೇಗಂ ನೀವೇನ್ರಿ?"

ಸಭೆ ಗೊಳ್ಳೆಂದಿತು. ಎದುರು ಸಾಲಿನವರು ಮೇಜು ಬಡಿದರು, ಚಕ್ಕಡಿಯವರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ರಫೀ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ದಾದೇಸಾಬನಿಗೆ ನಗು ಬರಲಿಲ್ಲ, ಭಯ ಬಂತು. ಈ ಮಾತು ಇಲ್ಲಿಗೇ ನಿಲ್ಲಲಿ, ಯಾ ಅಲ್ಲಾ, ಯಾರಿಗೂ ಇದರ ಬಾಲ ಹಿಡಿದು ವಿಪ್ಪಿನ ನೆನಪಾಗದಿರಲಿ ಎಂದು ಬೇಡಿಕೊಂಡ.

ಹಿಂದಿನ ಕುರ್ಚಿಯಿಂದ ನಾಹೀದಾ ಎದ್ದಳು. "ಸರ್, ನಾಹೀದಾ ಅಂದ್ರ ನಾನು. ಹಾಜರ್ ಅದೀನಿ."

"ಸರಿಯಮ್ಮ, ಕೂತ್ಕೊಳ್ಳಿ."

ಅವಳು ಕೂಡಲಿಲ್ಲ. ದಾದೇಸಾಬ ದೂರದಿಂದಲೇ ಕೈ ಆಡಿಸಿದ, ಕೂಡು ಎಂದು. ಅವಳು ನೋಡಿದಳು, ನೋಡಿಯೂ ಕೂಡಲಿಲ್ಲ.

"ಇನ್ನೊಂದು ಮಾತೈತ್ರಿ ಸರ್. ನಮ್ಮ ಪಕ್ಷದವರು ಎಲ್ಲಾ ಮೆಂಬರ್ರಿಗೂ ವಿಪ್ ಕೊಟ್ಟಾರ. ನನಗ ಕೊಟ್ಟಿಲ್ಲ. ನನ್ನ ಗಂಡಗ ಕೊಟ್ಟಾರಂತ. ಗೆದ್ದಾಕಿ ನಾನು. ಅಪ್ಪಣಿ ಮಾಡೋದಿದ್ರ ನನಗ ಮಾಡಲಿ. ನನ್ನ ಕೈಗೆ ಕೊಡಸ್ರಿ."

ಸಭೆಯ ನಗು ಕತ್ತರಿಸಿದಂತೆ ನಿಂತಿತು. ಮರಿಸ್ವಾಮಿಯ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ನಿಧಾನಕ್ಕೆ ರಕ್ತ ಇಳಿಯಿತು. ಎಂಥ ಹಳ್ಳಕ್ಕೆ ಬೀಳುವುದಿತ್ತು ಎಂದು ಅವನಿಗೀಗ ತಿಳಿಯಿತು. ಅಷ್ಟೇ ಬೇಗ ಮುಖಕ್ಕೆ ಬಣ್ಣ ತಿರುಗಿ ಬಂತು. ಹಳ್ಳದಿಂದ ಮೇಲೆತ್ತಿದವಳು ಅವಳೇ.

"ದಾದೇಸಾಬ್ರ! ಇನ್ನೊಂದು ಪ್ರತಿ ಐತಲ್ಲ, ಕೊಡ್ರಿ! ಜಲ್ದಿ!"

"ಅದು ನಿಮ್ಮ ಪಕ್ಷದ ವಿಚಾರ. ಐದು ನಿಮಿಷದಲ್ಲಿ ಮುಗಿಸಿ," ಎಂದರು ತಹಶೀಲ್ದಾರರು.

ದಾದೇಸಾಬ ಚೀಲದ ಬಾಯಿ ಬಿಚ್ಚಿದ. ಕಾಗದ ಪಕ್ಷದ ಕಚೇರಿಯಲ್ಲೇ ಉಳಿಯಿತು ಎಂದರೆ? ಬೆಳಿಗ್ಗೆಯೇ ಒಂದು ಸುಳ್ಳು ಆಗಿದೆ, ಇನ್ನೊಂದಕ್ಕೆ ಏನು ತೊಂದರೆ? ಐದು ನಿಮಿಷ ಕಳೆದರೆ ಹುಡುಗಿ ಉಳಿಯುತ್ತಾಳೆ. ಅವನ ಕೈ ಚೀಲದೊಳಗೆ ಹೋಗಿ ಸುಮ್ಮನೆ ತಡಕಾಡಿತು. ಕಾಗದ ಬೆರಳಿಗೆ ಸಿಕ್ಕಿತ್ತು. ಸಿಕ್ಕಿಲ್ಲವೆಂಬಂತೆ ತಡಕಾಡುತ್ತಲೇ ಇದ್ದ.

ನಾಹೀದಾ ಸಾಲು ಬಿಟ್ಟು ಅವನ ತನಕ ನಡೆದು ಬಂದಳು. ಅವನ ಮುಂದೆ ಅಂಗೈ ಚಾಚಿ ನಿಂತಳು. ಸೂಜಿ ಚುಚ್ಚಿ ಚುಚ್ಚಿ ಬೆರಳುಗಳು ಒರಟಾಗಿದ್ದವು.

"ಚಾಚಾ, ನಿಮಗ ಸುಳ್ಳು ಹೇಳಾಕ ಬರೂದಿಲ್ಲ. ಕೊಡ್ರಿ," ಎಂದಳು, ಅವನಿಗಷ್ಟೇ ಕೇಳುವಂತೆ.

ಅವನು ಕೊಟ್ಟ. ತನ್ನ ಕೈಯಿಂದಲೇ ಕೊಟ್ಟ. ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣಬಾರದೆಂದು ಚೀಲದ ಬಾಯಿ ಕಟ್ಟುವ ನೆಪದಲ್ಲಿ ಬಗ್ಗಿದ. ಮಸೀದಿ ಓಣಿಗೆ ಇದ್ದ ಒಂದು ಕುರ್ಚಿಯನ್ನು ತಾನೇ ಎತ್ತಿ ಹೊರಗೆ ಹಾಕಿದಂತೆ ಅವನಿಗೆ ಅನಿಸಿತು.

ನಾಹೀದಾ ವಿಪ್ಪನ್ನು ಗಟ್ಟಿಯಾಗಿ ಓದಿದಳು, ಒಂದಕ್ಷರ ಬಿಡದೆ. ಶ್ರೀ ಸಿದ್ದೇಶ ಇವರ ಪರವಾಗಿ ಕೈ ಎತ್ತತಕ್ಕದ್ದು, ತಪ್ಪಿದಲ್ಲಿ ಸದಸ್ಯತ್ವ ರದ್ದತಿಗೆ ಕ್ರಮ ಜರುಗಿಸಲಾಗುವುದು. ಆಮೇಲೆ ಮೇಜಿನ ಮೇಲೆ ಇಟ್ಟು ಸಹಿ ಮಾಡಿದಳು: ನಾಹೀದಾ ಬೇಗಂ, ಸದಸ್ಯರು. ಪೆನ್ನನ್ನು ಮರಿಸ್ವಾಮಿಗೇ ತಿರುಗಿ ಕೊಟ್ಟಳು. ಅವನು ಆ ಕಾಗದ ಮಡಚಿ ಜೇಬಿಗೆ ಇಟ್ಟು, ಜೇಬನ್ನು ಮೇಲಿಂದ ತಟ್ಟಿಕೊಂಡ. ಸಿದ್ದೇಶ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದ. ವಿಪ್ ಕೇಳಿ ತಗೊಂಡವಳು ಇನ್ನೇನು ಮೀರುತ್ತಾಳೆ?

"ಶ್ರೀ ಸಿದ್ದೇಶ ಅವರ ಪರವಾಗಿರುವವರು ಕೈ ಎತ್ತಿ."

ಕೈಗಳು ಎದ್ದವು. ತಹಶೀಲ್ದಾರರು ಬೆರಳು ಮಾಡಿ ಎಣಿಸಿದರು, ಸಂಶಯ ಬಂದು ಮತ್ತೆ ಎಣಿಸಿದರು. ಎಂಟು. ನಾಹೀದಾಳ ಎರಡೂ ಕೈ ಮೇಜಿನ ಮೇಲಿದ್ದವು. ಮರಿಸ್ವಾಮಿ ಬಾಗಿಲಿನಿಂದ "ಏಯವ್ವಾ, ಎತ್ತವಾ, ಎತ್ತು!" ಎಂದು ಒದರಿದ. ತಹಶೀಲ್ದಾರರು ಅವನಿಗೆ ಹೊರಗೆ ಹಾಕಿಸುತ್ತೇನೆ ಎಂದು ಗದರಿದರು. ಕೈಗಳು ಇಳಿದವು.

"ಶ್ರೀಮತಿ ವಿರೂಪಾಕ್ಷಮ್ಮ ಅವರ ಪರವಾಗಿರುವವರು."

ಎದುರು ಸಾಲಿನಲ್ಲಿ ಕೈಗಳೆದ್ದವು. ಈ ಸಾಲಿನಲ್ಲಿ ಒಂದೇ ಒಂದು ಕೈ ಎದ್ದಿತು. ಬುರಖಾದ ತೋಳು ಮೊಣಕೈವರೆಗೆ ಜಾರಿತ್ತು. ತಹಶೀಲ್ದಾರರು ಒಂಬತ್ತು ಎಂದು ಬರೆದುಕೊಳ್ಳುವವರೆಗೂ ಅವಳು ಅದನ್ನು ಇಳಿಸಲಿಲ್ಲ.

ಆಮೇಲೆ ಆದ ಗದ್ದಲವನ್ನು ಹೇಳಿ ಮುಗಿಸಲಾಗದು. ಸಿದ್ದೇಶ ಕುರ್ಚಿ ಒದ್ದು ಹೊರಟ. ವಿರೂಪಾಕ್ಷಮ್ಮ ಗಾಬರಿಯಲ್ಲಿ ಯಾರ್ಯಾರಿಗೋ ನಮಸ್ಕಾರ ಮಾಡುತ್ತಿದ್ದರು. ಸೇಬಿನ ಹಾರ ಜೆಸಿಬಿಯ ಬಾಯಲ್ಲೇ ಉಳಿಯಿತು. ಬಂದವರು ಒಂದೊಂದೇ ಸೇಬು ಕಿತ್ತು ತಿನ್ನತೊಡಗಿದರು. ಮರಿಸ್ವಾಮಿ ಮೆಟ್ಟಿಲ ಮೇಲೆ ದಾದೇಸಾಬನನ್ನು ತಡೆದು ಜೇಬಿನಿಂದ ಕಾಗದ ತೆಗೆದ.

"ನಿಮ್ಮ ಹುಡುಗಿ ಸ್ಥಾನ ಹೋತು ಅಂತ ತಿಳೀರಿ. ಇಲ್ಲೆ ಸಾಕ್ಷಿ ಅಂತ ಸಹಿ ಹಾಕ್ರಿ. ನಾಳೆನ ಕೊಪ್ಪಳಕ್ಕ ಹೋಗತೀನಿ. ಮೆಂಬರ್ರ ಕೈಗೆ ನಾನ ಕೊಟ್ಟೀನಿ ಅಂತ ಬರೀರಿ."

ದಾದೇಸಾಬ ಕಾಗದವನ್ನು ಗೋಡೆಗೆ ಹಿಡಿದ. ಅದೇ ಗೋಡೆಯ ಮೇಲೆ ಅವನೇ ಬರೆದ ಹಳೆಯ ಚಕ್ಕಡಿಯೊಂದು ಸುಣ್ಣದ ಕೆಳಗಿನಿಂದ ಮಸುಕಾಗಿ ಕಾಣುತ್ತಿತ್ತು. ಮೆಂಬರ್ ನಾಹೀದಾ ಬೇಗಂ ಇವರ ಕೈಗೆ ನಾನೇ ಕೊಟ್ಟಿರುತ್ತೇನೆ ಎಂದು ಬರೆದ. ಮೆಂಬರ್ ಎಂಬ ಮಾತಿನ ಪಕ್ಕ ಅವಳ ಹೆಸರನ್ನು ಅವನು ಬರೆದದ್ದು ಅದೇ ಮೊದಲು. ಸಹಿ ಹಾಕಿ ಕಾಗದ ಕೊಟ್ಟ, ಚೀಲವನ್ನೂ ಹೆಗಲಿನಿಂದ ಇಳಿಸಿ ಕೊಟ್ಟ.

ನಾಹೀದಾ ಬೇವಿನ ಮರದ ಕೆಳಗೆ ನಿಂತಿದ್ದಳು. ಅವನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಬಾಯಿ ಮುಚ್ಚಿ ಕೂತಿದ್ರ ಎರಡೂ ಉಳೀತಿದ್ದವು. ಓಣೀನೂ ಉಳೀತಿತ್ತು, ನಿನ್ನ ಕುರ್ಚೀನೂ ಉಳೀತಿತ್ತು. ನಾ ಅಷ್ಟ ಹೇಳಿದ್ದೆ. ಯಾಕ ಹಂಗ ಮಾಡಿದಿ?"

"ಬಾಯಿ ಮುಚ್ಚಿ ಉಳಿದಿದ್ರ ನಾಳೆ ಕೊಪ್ಪಳದಾಗ ಏನಂತ ಹೇಳಬೇಕಿತ್ತು? ನನಗ ಏನೂ ಗೊತ್ತಿಲ್ಲರಿ, ಎಲ್ಲಾ ನನ್ನ ಗಂಡಗ ಗೊತ್ತು ಅಂತ. ಮೂರು ವರ್ಷದಿಂದ ಮಂದಿ ಅದನ್ನ ಅಂತಾರ. ಅದನ್ನ ನಾನ ಹೋಗಿ ಡಿಸಿ ಸಾಹೇಬ್ರ ಮುಂದ ಬರೆದು ಕೊಡಲೇನು?" ಅವಳ ದನಿ ಈಗ ಒಡೆಯಿತು. "ಚಾಚಾ, ನಿಮ್ಮ ಪಕ್ಷಕ್ಕ ನಾ ಮೋಸ ಮಾಡಲಿಲ್ಲ. ಅದರ ಮಾತು ಮೀರೀನಿ. ಎರಡೂ ಬ್ಯಾರೆ. ಕದ್ದು ಮೀರಿದ್ರ ಮೋಸ ಆಗತಿತ್ತು. ಎದುರಿಗೆ ನಿಂತು ಮೀರೀನಿ, ಅದು ಜಗಳ. ಜಗಳ ಮನ್ಯಾಗ ಆಗತಾವು."

ಬೆಳಿಗ್ಗೆ ಕದ್ದು ಮುಚ್ಚಿಟ್ಟದ್ದು ದಾದೇಸಾಬ. ಪಕ್ಷಕ್ಕೆ ಮೋಸ ಮಾಡಲು ಹೊರಟಿದ್ದವನೂ ಅವನೇ, ಹುಡುಗಿಯನ್ನು ಮೂಕಿ ಮಾಡಲು ಹೊರಟಿದ್ದವನೂ ಅವನೇ. ಪ್ರೀತಿಯಿಂದ ಮಾಡಿದ್ದು ನಿಜ. ಊರಿನವರೆಲ್ಲ ರಫೀಗೆ ಮೆಂಬರ್ ಅಂದದ್ದೂ ಪ್ರೀತಿಯಿಂದಲೇ.

ರಸ್ತೆಯ ಆಚೆ ಖಾಜಾಸಾಬನ ಚಹದಂಗಡಿಯ ಹತ್ತಿರ ರಫೀ ತನ್ನ ಗಾಡಿಗೆ ಒರಗಿ ನಿಂತಿದ್ದ. ಅವನು ನೆಲ ನೋಡುತ್ತಿದ್ದ. ಇಬ್ಬರೂ ರಸ್ತೆ ದಾಟಿ ಬಂದರು. ಒಳಗೆ ಏನಾಯಿತೆಂದು ಇನ್ನೂ ತಿಳಿಯದ ಖಾಜಾಸಾಬ, ಎಂದಿನ ಹುರುಪಿನಲ್ಲಿ ಕಪ್ಪು ತುಂಬಿ ರಫೀಯ ಕಡೆ ಚಾಚಿದ.

"ಬರ್ರಿ ಮೆಂಬರ್ರ, ಚಾ ತಗೋರಿ!"

ರಫೀ ಕಪ್ಪು ಹಿಡಿದ, ಕುಡಿಯಲಿಲ್ಲ. ನಾಹೀದಾ ಕಣ್ಣೊರೆಸಿಕೊಂಡು ಮುಂದೆ ಬಂದಳು.

"ಇಲ್ಲೆ ಕೊಡ್ರಿ ಖಾಜಾಸಾಬ್ರ. ಕೊಪ್ಪಳದಿಂದ ಕಾಗದ ಬರೂತನಕ ಮೆಂಬರ್ ನಾನ ಅದೀನಿ."

ಖಾಜಾಸಾಬ ಕೆಟಲಿ ಹಿಡಿದು ಕಣ್ಣು ಕಣ್ಣು ಬಿಟ್ಟ. ರಫೀ ತನ್ನ ಕೈಗೆ ಬಂದಿದ್ದ ಕಪ್ಪನ್ನು ಒಂದು ಸಲ ನೋಡಿ, ಅವಳ ಕೈಗೆ ಕೊಟ್ಟ.